ಗರ್ಭಚೀಲ ತೆಗೆಸಿಬಿಡಲೇ, ಡಾಕ್ಟ್ರೇ?

ತೀವ್ರ ಅಂಗವೈಕಲ್ಯವಿರುವ ಹೆಣ್ಣುಮಕ್ಕಳು ಮೈನೆರೆಯುವ ಹೊತ್ತಿಗೆ ಮನೆಯವರನ್ನು ಕಾಡುವ ಪ್ರಶ್ನೆಗಳನ್ನೇ ಈ ಸಲ ಎತ್ತಿಕೊಂಡಿದ್ದೇನೆ. ಹೆಸರು ಹಾಕಬೇಡಿ ಎಂದು ಪತ್ರ ಬರೆದವರೆಲ್ಲರೂ ಕೇಳಿಕೊಂಡಿದ್ದಾರೆ, ಹಾಕಿಲ್ಲ. ಪತ್ರ ಓದಿ ಮದ್ದು ಬರೆಯಲಾಗದು, ಆದ್ದರಿಂದ ಔಷಧಿಗಳ ಪ್ರಮಾಣ ಹೇಳಿಲ್ಲ. ನಿಮ್ಮ ಡಾಕ್ಟರ ಮುಂದೆ ಕೂತಾಗ ಏನು ಕೇಳಬೇಕು ಎಂಬುದು ಗೊತ್ತಾದರೆ ಈ ಅಂಕಣದ ಕೆಲಸ ಆದಂತೆ.

ಪ್ರಶ್ನೆ: ಡಾಕ್ಟರ್ ಅಕ್ಕಾರಿಗೆ ನಮಸ್ಕಾರ. ನನ್ನ ಮಗಳಿಗೆ 13 ವರ್ಷ. ಹುಟ್ಟಿದಾಗ ಅಳಲಿಲ್ಲ, ಸೆರೆಬ್ರಲ್ ಪಾಲ್ಸಿ ಅಂದ್ರು. ನಡಿಯಂಗಿಲ್ಲ, ಮಾತಿಲ್ಲ, ಫಿಟ್ಸಿನ ಗುಳಿಗಿ ನಡದಾವ. ದಸರಾ ಮುಂದ ದೊಡ್ಡಾಕಿ ಆದ್ಲು. ಒಮ್ಮೆ ಶುರುವಾದ್ರ ಹನ್ನೆರಡು ಹದಿನೈದು ದಿನ ಹೋಗತೈತಿ. ಪ್ಯಾಡ್ ಕಿತ್ತು ಒಗೀತಾಳ, ಕೈಗೆ ಮಾರಿಗೆ ಎಲ್ಲಾ ಬಳಕೋತಾಳ. ಎತ್ತಾಕಿ, ಇಳಸಾಕಿ, ತೊಳ್ಯಾಕಿ ನಾ ಒಬ್ಬಾಕಿನ. ಊರಾಗಿನ ನರ್ಸಿಂಗ್ ಹೋಮಿನವರು ‘ಈಕಿಗೆ ಗರ್ಭಚೀಲ ಯಾಕ ಬೇಕು, ತಗಸಿಬಿಡ್ರಿ, ನಿಮಗೂ ಆರಾಮ’ ಅಂದಾರ. ಮನ್ಯಾಗ ಎಲ್ಲಾರೂ ಹೂಂ ಅಂದಾರ. ನನಗ ಯಾಕೋ ಮನಸ್ಸು ಒಪ್ಪವಲ್ದು. ಏನ್ ಮಾಡ್ಲಿ? (ಗದಗ ಜಿಲ್ಲೆಯ ಒಬ್ಬ ತಾಯಿ)

ಉತ್ತರ: ತಾಯಿ, ಮನಸ್ಸು ಒಪ್ಪುತ್ತಿಲ್ಲ ಎಂದಿರಲ್ಲ, ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಮುಟ್ಟು ಶುರುವಾಗಿ ಇನ್ನೂ ವರ್ಷ ತುಂಬಿಲ್ಲ. ಮೈನೆರೆದ ಮೊದಲ ಎರಡು ಮೂರು ವರ್ಷ ಬಹಳ ಹುಡುಗಿಯರಲ್ಲಿ ಅಂಡ ತಿಂಗಳು ತಿಂಗಳು ಸರಿಯಾಗಿ ಬಿಡುಗಡೆಯಾಗುವುದಿಲ್ಲ. ಆಗದ ತಿಂಗಳಲ್ಲಿ ಗರ್ಭಕೋಶದ ಒಳಪದರ ದಪ್ಪವಾಗುತ್ತ ಹೋಗಿ, ಹೊತ್ತುಗೊತ್ತಿಲ್ಲದೆ ಕಳಚಿ ಬೀಳುತ್ತದೆ. ಹದಿನೈದು ದಿನ ಹೋಗುವುದು, ಆಮೇಲೆ ಎರಡು ತಿಂಗಳು ಪತ್ತೆಯೇ ಇಲ್ಲದಿರುವುದು, ಎಲ್ಲ ಇದರಿಂದಲೇ. ಶಾಲೆಗೆ ಹೋಗುವ ಹುಡುಗಿಗೆ ಹೀಗಾದರೆ ‘ತಾನಾಗಿ ಸರಿಹೋಗುತ್ತೆ’ ಎನ್ನುವ ನಾವು ಡಾಕ್ಟರುಗಳು, ಹಾಸಿಗೆಯಲ್ಲಿರುವ ಹುಡುಗಿಗೆ ಆದ ಕೂಡಲೇ ಕತ್ತರಿ ಹುಡುಕುತ್ತೇವೆ. ಇದು ನನ್ನ ವೃತ್ತಿಯವರ ಮೇಲೆ ನನಗಿರುವ ಹಳೇ ಸಿಟ್ಟು.

ಹಾಗಂತ ಹದಿನೈದು ದಿನದ ರಕ್ತಸ್ರಾವವನ್ನು ಸಹಿಸಿಕೊಂಡು ಕೂರಬೇಕಿಲ್ಲ. ಹಿಮೋಗ್ಲೋಬಿನ್, ಥೈರಾಯ್ಡ್ ಪರೀಕ್ಷೆ ಮಾಡಿಸಿ, ಹೊಟ್ಟೆಯ ಮೇಲಿಂದ ಒಂದು ಸ್ಕ್ಯಾನಿಂಗ್ ಮಾಡಿಸಿ. ರಕ್ತ ಹೆಪ್ಪುಗಟ್ಟುವುದರಲ್ಲಿ ತೊಂದರೆ ಇದೆಯೇ ಎಂದೂ ನೋಡಬೇಕಾಗಬಹುದು. ಒಳಗೆ ಕೈಹಾಕಿ ನೋಡಬೇಕು ಎಂದು ಯಾರಾದರೂ ಹೇಳಿದರೆ ಏಕೆ ಎಂದು ಕೇಳಿ. ಈ ವಯಸ್ಸಿನಲ್ಲಿ ಅದರ ಅಗತ್ಯ ತೀರಾ ಅಪರೂಪ.

ಫಿಟ್ಸಿಗೆ ಯಾವ ಗುಳಿಗೆ ಕೊಡುತ್ತಿದ್ದೀರಿ ಎಂದು ಬರೆದಿಲ್ಲ. ಡಾಕ್ಟರ ಹತ್ತಿರ ಹೋಗುವಾಗ ಡಬ್ಬಿ ಸಮೇತ ತೆಗೆದುಕೊಂಡು ಹೋಗಿ, ಮುಂದಿನ ಆಯ್ಕೆ ಬಹುಪಾಲು ಅದರ ಮೇಲೇ ನಿಂತಿದೆ. ವ್ಯಾಲ್‌ಪ್ರೊಯೇಟ್ ಆಗಿದ್ದರೆ ಮುಟ್ಟು ಏರುಪೇರಾಗಲು ಅದೂ ಒಂದು ಕಾರಣ ಇರಬಹುದು. ಕಾರ್ಬಮಜೆಪಿನ್, ಫೆನಿಟಾಯಿನ್, ಫಿನೋಬಾರ್ಬಿಟೋನ್ ಇವು ಹಾರ್ಮೋನ್ ಮಾತ್ರೆಗಳನ್ನು ಲಿವರ್‌ನಲ್ಲಿ ಬೇಗ ಕರಗಿಸಿಬಿಡುತ್ತವೆ, ಮಾತ್ರೆ ನುಂಗಿಸಿದರೂ ಕೆಲಸ ಅರ್ಧಂಬರ್ಧ. ಲ್ಯಾಮೋಟ್ರಿಜಿನ್‌ನದು ತದ್ವಿರುದ್ಧ ಕಥೆ: ಈಸ್ಟ್ರೋಜನ್ ಇರುವ ಮಾತ್ರೆ ಕೊಟ್ಟರೆ ರಕ್ತದಲ್ಲಿ ಲ್ಯಾಮೋಟ್ರಿಜಿನ್ ಮಟ್ಟವೇ ಇಳಿದು ಫಿಟ್ಸ್ ಜಾಸ್ತಿಯಾಗಬಹುದು. ನರರೋಗದ ಡಾಕ್ಟರು, ಹೆಂಗಸರ ಡಾಕ್ಟರು ಒಬ್ಬರ ಚೀಟಿಯನ್ನು ಇನ್ನೊಬ್ಬರು ನೋಡದಿದ್ದರೆ ಏಟು ಬೀಳುವುದು ಮಗುವಿಗೆ. ಕ್ಯಾಲೆಂಡರಿನಲ್ಲಿ ಮುಟ್ಟಿನ ದಿನಕ್ಕೊಂದು, ಫಿಟ್ಸ್ ಬಂದ ದಿನಕ್ಕೊಂದು ಗುರುತು ಹಾಕುತ್ತ ಬನ್ನಿ. ಕೆಲವರಲ್ಲಿ ಮುಟ್ಟಿನ ಆಸುಪಾಸಿನಲ್ಲಿ ಫಿಟ್ಸ್ ಹೆಚ್ಚುವುದುಂಟು.

ಈಗ ದಾರಿಗಳನ್ನು ನೋಡೋಣ. ಮುಟ್ಟಿನ ದಿನಗಳಲ್ಲಿ ಮಾತ್ರ ಕೊಡುವ ಟ್ರಾನೆಕ್ಸಾಮಿಕ್ ಆ್ಯಸಿಡ್ ಹೋಗುವ ರಕ್ತವನ್ನು ಹತ್ತಿರ ಹತ್ತಿರ ಅರ್ಧದಷ್ಟು ಇಳಿಸಬಲ್ಲದು, ಮೆಫೆನಮಿಕ್ ಆ್ಯಸಿಡ್ ನೋವನ್ನೂ ಸ್ವಲ್ಪ ರಕ್ತವನ್ನೂ ತಗ್ಗಿಸುತ್ತದೆ. ಅಂದಹಾಗೆ, ಬಳಿದುಕೊಳ್ಳುವುದು, ಕೈ ಕಚ್ಚಿಕೊಳ್ಳುವುದು, ತಲೆ ಚಚ್ಚಿಕೊಳ್ಳುವುದು ಎಲ್ಲ ಹಟವೇ ಇರಬೇಕೆಂದಿಲ್ಲ. ಮಾತು ಬಾರದವಳು ಹೊಟ್ಟೆನೋವನ್ನು ಇನ್ಹೇಗೆ ಹೇಳಬೇಕು? ಮುಟ್ಟಿನ ಮೊದಲ ದಿನವೇ ನೋವಿನ ಗುಳಿಗೆ ಕೊಟ್ಟು ನೋಡಿ, ಅರ್ಧ ಗಲಾಟೆ ಅಲ್ಲೇ ಅಡಗಿದರೂ ಅಡಗೀತು.

ಇಷ್ಟರಿಂದ ಆಗದಿದ್ದರೆ ಪ್ರೊಜೆಸ್ಟರಾನ್ ಜಾತಿಯ ಮಾತ್ರೆ. ಅದರ ಮೇಲೆ ಮೂರು ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದು, ಸರ್ಕಾರಿ ಆಸ್ಪತ್ರೆಗಳಲ್ಲಿ ‘ಅಂತರ’ ಎಂಬ ಹೆಸರಿನಲ್ಲಿ ಕೊಡುವುದು ಇದನ್ನೇ. ಕೆಲವು ಸಲ ಕೊಟ್ಟ ಮೇಲೆ ಬಹಳ ಹುಡುಗಿಯರಲ್ಲಿ ಮುಟ್ಟು ನಿಂತೇ ಹೋಗುತ್ತದೆ, ಫಿಟ್ಸಿನ ಗುಳಿಗೆಗಳ ಜೊತೆ ಜಗಳವೂ ಕಡಿಮೆ. ಆದರೆ ಎರಡು ಕಡೆ ಎಚ್ಚರ ಬೇಕು. ನಡೆಯದ ಮಕ್ಕಳ ಮೂಳೆ ಮೊದಲೇ ತೆಳು, ಈ ಔಷಧಿ ಅದನ್ನು ಇನ್ನಷ್ಟು ತೆಳುವಾಗಿಸಬಲ್ಲದು. ಇನ್ನೊಂದು, ತೂಕ ಏರುತ್ತದೆ. ಓಡಾಡುವವಳಿಗೆ ನಾಲ್ಕು ಕಿಲೋ ಹೆಚ್ಚಾದರೆ ಬಟ್ಟೆ ಬಿಗಿಯಾದೀತು, ನಿಮ್ಮ ಮಗಳಿಗೆ ಹೆಚ್ಚಾದರೆ ಭಾರ ಬೀಳುವುದು ನಿಮ್ಮ ಸೊಂಟದ ಮೇಲೆ. ಈ ಲೆಕ್ಕವನ್ನು ಡಾಕ್ಟರುಗಳು ಹಾಕುವುದಿಲ್ಲ, ನೀವೇ ಹಾಕಿಸಬೇಕು. ಗಂಡ ಹೆಂಡಿರು ಬಳಸುವ ಮಾಮೂಲಿ ಗರ್ಭನಿರೋಧಕ ಮಾತ್ರೆಯಲ್ಲಿ ಈಸ್ಟ್ರೋಜನ್ ಇರುವುದರಿಂದ, ಸದಾ ಮಲಗಿರುವವರ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯವೂ ಇದೆ. ಹಾಗಾಗಿ ನಾನು ಅದನ್ನು ಮೊದಲ ಆಯ್ಕೆಯಾಗಿ ಹೇಳಲಾರೆ.

ಇನ್ನೊಂದು ದಾರಿ, ಹಾರ್ಮೋನ್ ತುಂಬಿದ ಪುಟ್ಟ ಸಾಧನವನ್ನು ಗರ್ಭಕೋಶದೊಳಗೆ ಇಡುವುದು. ನೋಡಲು ಕಾಪರ್-ಟಿ ಥರವೇ ಇದ್ದರೂ ಕೆಲಸ ಬೇರೆ: ಕಾಪರ್-ಟಿ ಮುಟ್ಟನ್ನು ಹೆಚ್ಚಿಸುತ್ತದೆ, ಇದು ತಗ್ಗಿಸುತ್ತದೆ. ಇಡುವಾಗ ನಿಮ್ಮ ಮಗಳಿಗೆ ಸ್ವಲ್ಪ ಹೊತ್ತು ಅರಿವಳಿಕೆ ಕೊಡಬೇಕಾಗುತ್ತದೆ. ಮೊದಲ ಮೂರರಿಂದ ಆರು ತಿಂಗಳು ಚೂರುಪಾರು ರಕ್ತ ಕಾಣಿಸುತ್ತಲೇ ಇರುತ್ತದೆ, ಆಮೇಲೆ ತೀರಾ ಕಡಿಮೆಯಾಗುತ್ತದೆ ಇಲ್ಲವೇ ನಿಲ್ಲುತ್ತದೆ. ಕನಿಷ್ಠ ಐದು ವರ್ಷ ಬರುತ್ತದೆ, ಬೇಡವಾದರೆ ತೆಗೆಸಬಹುದು. ಬೇರೆ ಯಾವುದಕ್ಕೋ ಅರಿವಳಿಕೆ ಕೊಡುವುದಿದ್ದರೆ, ಹಲ್ಲಿಗೋ ಕಾಲಿನ ಸ್ನಾಯು ಬಿಡಿಸುವ ಆಪರೇಷನ್ನಿಗೋ, ಅದೇ ಹೊತ್ತಿನಲ್ಲಿ ಇದನ್ನೂ ಮಾಡಿಸಿಕೊಂಡು ಬಿಡಬಹುದು.

ಪ್ಯಾಡ್ ಕೀಳುವುದಕ್ಕೆ ಮದ್ದು ಔಷಧಿ ಅಂಗಡಿಯಲ್ಲಿಲ್ಲ, ದರ್ಜಿಯ ಹತ್ತಿರ ಇದೆ. ಮೇಲೆ ಕೆಳಗೆ ಒಂದೇ ಆಗಿರುವ, ಹಿಂದೆ ಬೆನ್ನಿಗೆ ಜಿಪ್ಪೋ ಗುಂಡಿಯೋ ಇರುವ ಅಂಗಿ ಹೊಲಿಸಿ, ಕೈ ಒಳಗೆ ಹೋಗದು. ಕಾಲು ಅಗಲಿಸಲಾಗದಷ್ಟು ಬಿಗಿಯಾಗಿದ್ದರೆ ಎರಡು ಪಕ್ಕಕ್ಕೂ ವೆಲ್ಕ್ರೋ ಪಟ್ಟಿ ಇರುವ ಚಡ್ಡಿ ಹೊಲಿಸಿ, ಎತ್ತದೆ ಬದಲಿಸಬಹುದು.

ಗರ್ಭಕೋಶ ತೆಗೆಯುವ ಆಪರೇಷನ್ ಮಾಡಿದರೆ ರಕ್ತ ನಿಲ್ಲುತ್ತದೆ, ನಿಜ. ಆದರೆ ಅಂಡಾಶಯ ಒಳಗೇ ಇರುವುದರಿಂದ ಹಾರ್ಮೋನಿನ ಏರಿಳಿತ ಇದ್ದೇ ಇರುತ್ತದೆ, ಕಿರಿಕಿರಿಯೂ ಫಿಟ್ಸಿನ ಹೆಚ್ಚು ಕಡಿಮೆಯೂ ನಿಲ್ಲಬೇಕೆಂದಿಲ್ಲ. ಅಂಡಾಶಯವನ್ನೂ ತೆಗೆದರೆ 13 ವರ್ಷದವಳ ಮೂಳೆ ಮುದುಕಿಯ ಮೂಳೆಯ ಹಾದಿ ಹಿಡಿಯುತ್ತದೆ. ಬೆನ್ನು ಬಾಗಿ, ಕಫ ಉಗುಳಲು ಬಾರದ ಮಗುವಿಗೆ ದೊಡ್ಡ ಅರಿವಳಿಕೆಯ ನಂತರ ನ್ಯುಮೋನಿಯಾ ಭಯವೂ ಉಂಟು. ವರ್ಷದ 365 ದಿನವೂ ಮಲಮೂತ್ರ ಬಾಚುವವರು ನೀವು. ಅದಕ್ಕಾಗಿ ಯಾರೂ ಯಾವ ಅಂಗವನ್ನೂ ತೆಗೆಸಿ ಎಂದಿಲ್ಲ. ಈ ಕೆಲವು ದಿನದ ರಕ್ತಕ್ಕೆ ಮಾತ್ರ ಮನೆಮಂದಿಯೆಲ್ಲ ಯಾಕೆ ಇಷ್ಟು ಹೆದರುತ್ತಾರೆ ಎಂದು ಒಮ್ಮೆ ಅವರನ್ನೇ ಕೇಳಿ.

ಕಾನೂನೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 10ನೇ ಕಲಮು, ಅಂಗವಿಕಲ ವ್ಯಕ್ತಿಯ ಮುಕ್ತ, ತಿಳಿದು ಕೊಟ್ಟ ಒಪ್ಪಿಗೆ ಇಲ್ಲದೆ ಬಂಜೆತನಕ್ಕೆ ಕಾರಣವಾಗುವ ಯಾವ ಚಿಕಿತ್ಸೆಯನ್ನೂ ಮಾಡುವಂತಿಲ್ಲ ಎನ್ನುತ್ತದೆ. ಒಪ್ಪಿಗೆ ಹೇಳಲಾರದ ಮಗುವಿನ ಪರವಾಗಿ ತಂದೆತಾಯಿ ಹೇಳಬಹುದು ಎಂದು ಆ ಕಲಮಿನಲ್ಲಿ ಬರೆದಿಲ್ಲ. ನರ್ಸಿಂಗ್ ಹೋಮಿನವರು ನಿಮ್ಮಿಂದ ಒಂದು ಹಾಳೆಗೆ ಸಹಿ ಹಾಕಿಸಿಕೊಂಡ ಮಾತ್ರಕ್ಕೆ ಎಲ್ಲ ಸರಿಯಾಗಿಬಿಡುವುದಿಲ್ಲ. 1994ರಲ್ಲಿ ಪುಣೆ ಸಮೀಪದ ಶಿರೂರಿನ ಸರ್ಕಾರಿ ವಸತಿ ಸಂಸ್ಥೆಯಲ್ಲಿದ್ದ ಬೌದ್ಧಿಕ ವೈಕಲ್ಯದ ಹಲವು ಹೆಣ್ಣುಮಕ್ಕಳ ಗರ್ಭಕೋಶವನ್ನು ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ತೆಗೆದರು. ಮುಟ್ಟಿನ ಶುಚಿ ಕಾಯಲು ಅವರಿಗೆ ಬರುವುದಿಲ್ಲ ಎಂಬುದೇ ಕಾರಣ. ಮಹಿಳಾ ಸಂಘಟನೆಗಳು ಬೀದಿಗಿಳಿದ ಮೇಲಷ್ಟೇ ಉಳಿದವರದು ನಿಂತಿತು.

ಗಡ್ಡೆಯೋ, ಯಾವ ಔಷಧಿಗೂ ಬಗ್ಗದೆ ಪ್ರಾಣಕ್ಕೇ ಎರವಾಗುವ ರಕ್ತಸ್ರಾವವೋ ಇದ್ದರೆ ಮಾತು ಬೇರೆ. ಆಗ ಗರ್ಭಕೋಶ ತೆಗೆಯುವುದು ಚಿಕಿತ್ಸೆ, ಯಾರ ಮಗಳಿಗಾದರೂ ಅದನ್ನೇ ಮಾಡುತ್ತೇವೆ. ನಿಮ್ಮ ಪತ್ರದಲ್ಲಿ ಅಂಥದ್ದೇನೂ ಕಾಣಲಿಲ್ಲ. ಕಾಣಿಸಿದ್ದು ಒಬ್ಬಳೇ ಎತ್ತಿ ಇಳಿಸುವ ತಾಯಿ. ಹೂಂ ಅಂದವರೆಲ್ಲ ಸರದಿಯ ಮೇಲೆ ಒಂದೊಂದು ಹೊತ್ತು ಎತ್ತಲಿ.

ಪ್ರಶ್ನೆ: ನಾವು ಹದಿನಾಲ್ಕು ವರ್ಷದಿಂದ ಅಮೆರಿಕದಲ್ಲಿದ್ದೇವೆ. ಮಗಳಿಗೆ ಏಳು ವರ್ಷ. ಮಿದುಳಿನ ಬೆಳವಣಿಗೆ ಮೂರು ತಿಂಗಳ ಕೂಸಿನಷ್ಟು, ಟ್ಯೂಬಿನಲ್ಲೇ ಆಹಾರ. ಇಷ್ಟು ಬೇಗ ಎದೆ ಮೂಡುತ್ತಿದೆ. ‘ಆಶ್ಲಿ ಚಿಕಿತ್ಸೆ’ಯ ಬಗ್ಗೆ ಓದಿದೆವು. ಅವಳು ಚಿಕ್ಕವಳಾಗೇ ಉಳಿದರೆ ಕೊನೆವರೆಗೂ ನಾವೇ ಎತ್ತಿಕೊಂಡು ನೋಡಿಕೊಳ್ಳಬಹುದಲ್ಲ ಎಂಬ ಆಸೆ. ನಮ್ಮ ಯೋಚನೆ ತಪ್ಪೇ?

ಉತ್ತರ: ಮೊದಲು ಎದೆಯ ವಿಷಯ. ಹೆಣ್ಣುಮಕ್ಕಳಲ್ಲಿ ಎಂಟು ವರ್ಷ ತುಂಬುವ ಮೊದಲೇ ಎದೆ ಮೂಡಿದರೆ ಅದನ್ನು ಅಕಾಲ ಪ್ರೌಢತೆ ಎನ್ನುತ್ತೇವೆ. ಮಿದುಳಿಗೆ ಪೆಟ್ಟಾದ ಮಕ್ಕಳಲ್ಲಿ ಇದು ಉಳಿದವರಿಗಿಂತ ಹೆಚ್ಚು. ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸು ನೋಡುತ್ತಾರೆ, ಹಾರ್ಮೋನ್ ಪರೀಕ್ಷೆ ಮಾಡುತ್ತಾರೆ. ಲ್ಯೂಪ್ರೋಲೈಡ್‌ನಂಥ ಚುಚ್ಚುಮದ್ದಿನಿಂದ ಇದನ್ನು ಕೆಲವು ವರ್ಷ ತಡೆಹಿಡಿಯಬಹುದು, ನಿಲ್ಲಿಸಿದ ಮೇಲೆ ದೇಹ ತನ್ನ ದಾರಿಗೆ ಮರಳುತ್ತದೆ. ಅಂಗವೈಕಲ್ಯವಿಲ್ಲದ ಮಕ್ಕಳಿಗೂ ಕೊಡುವ ಚಿಕಿತ್ಸೆ ಇದು, ಇದರಲ್ಲಿ ಅಳುಕುವುದಕ್ಕೆ ಏನೂ ಇಲ್ಲ. ಮಕ್ಕಳ ಹಾರ್ಮೋನ್ ತಜ್ಞರನ್ನು ತಡಮಾಡದೆ ಕಾಣಿ.

ಆಶ್ಲಿಯದು ಬೇರೆಯದೇ ಸಂಗತಿ. ಸಿಯಾಟಲ್‌ನ ಮಕ್ಕಳ ಆಸ್ಪತ್ರೆಯಲ್ಲಿ 2004ರಲ್ಲಿ ಆರು ವರ್ಷದ ಆ ಹುಡುಗಿಯ ಗರ್ಭಕೋಶವನ್ನೂ ಎದೆಯ ಮೊಗ್ಗುಗಳನ್ನೂ ತೆಗೆದು, ಆಮೇಲೆ ಎರಡು ವರ್ಷಕ್ಕೂ ಮೇಲೆ ಈಸ್ಟ್ರೋಜನ್‌ನ ದೊಡ್ಡ ಪ್ರಮಾಣ ಕೊಟ್ಟು ಬೆಳವಣಿಗೆ ನಿಲ್ಲಿಸಿದರು. 2006ರಲ್ಲಿ ವೈದ್ಯರು ಅದನ್ನು ಪ್ರಕಟಿಸಿದಾಗ ಜಗತ್ತೇ ಎರಡು ಪಾಲಾಗಿ ಜಗಳವಾಡಿತು. ಕೋರ್ಟಿನ ಅಪ್ಪಣೆ ಇಲ್ಲದೆ ಗರ್ಭಕೋಶ ತೆಗೆದದ್ದು ವಾಷಿಂಗ್ಟನ್ ರಾಜ್ಯದ ಕಾನೂನಿಗೆ ವಿರುದ್ಧವಾಗಿತ್ತು ಎಂದು 2007ರಲ್ಲಿ ಆಸ್ಪತ್ರೆಯೇ ಒಪ್ಪಿಕೊಂಡಿತು. ಚಿಕಿತ್ಸೆಯ ಭಾಗವಲ್ಲದ ಇಂಥ ಶಸ್ತ್ರಕ್ರಿಯೆಗೆ ತಂದೆತಾಯಿಯ ಒಪ್ಪಿಗೆಯೊಂದೇ ಸಾಲದು ಎಂದು ಆಸ್ಟ್ರೇಲಿಯಾದ ಹೈಕೋರ್ಟ್, ಅಲ್ಲಿನ ಅತ್ಯುನ್ನತ ನ್ಯಾಯಾಲಯ ಅದು, 1992ರಲ್ಲೇ ಹೇಳಿತ್ತು. ಅಲ್ಲಿಯೂ 14 ವರ್ಷದ ಬೌದ್ಧಿಕ ವೈಕಲ್ಯದ ಹುಡುಗಿಯೊಬ್ಬಳದೇ ಪ್ರಶ್ನೆ.

ನಿಮ್ಮ ಆಸೆ ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ. ಮಗಳನ್ನು ಎತ್ತಿಕೊಳ್ಳಬೇಕು ಎಂಬುದರಲ್ಲಿ ಎಂಥ ತಪ್ಪು? ಆದರೆ ಎತ್ತುವವರ ತೋಳು ಸೋಲುತ್ತದೆ ಎಂದು ಎತ್ತಿಸಿಕೊಳ್ಳುವವಳ ಮೂಳೆಯ ಬೆಳವಣಿಗೆ ಮುಚ್ಚಿಸುವುದನ್ನು ನಾನು ಒಪ್ಪಲಾರೆ. ಅದು ಹಿಂದಿರುಗಿ ಬರಲಾಗದ ಕೆಲಸ, ಅವಳ ಯಾವ ಕಾಯಿಲೆಯನ್ನೂ ಗುಣಪಡಿಸದ ಕೆಲಸ. ಮೇಲಾಗಿ ನೀವಿರುವ ದೇಶದಲ್ಲಿ ಮನೆಯ ಛಾವಣಿಗೆ ಹಳಿ ಹಾಕಿ ಮಲಗಿದವರನ್ನು ಎತ್ತಿ ಕೂರಿಸುವ ಯಂತ್ರ ಸಿಗುತ್ತದೆ, ಮನೆಗೇ ಬಂದು ನೋಡಿಕೊಳ್ಳುವ ಸಹಾಯಕರಿಗೆ ಸರ್ಕಾರಿ ಆರೋಗ್ಯ ಯೋಜನೆಯಾದ ಮೆಡಿಕೇಯ್ಡ್‌ನಲ್ಲಿ ವ್ಯವಸ್ಥೆ ಇದೆ, ಕೆಲವು ರಾಜ್ಯಗಳಲ್ಲಿ ಸರದಿಗೆ ವರ್ಷಗಟ್ಟಲೆ ಕಾಯಬೇಕು. ಇವತ್ತೇ ಅರ್ಜಿ ಹಾಕಿಡಿ.

ಪ್ರಶ್ನೆ: ಮಗಳಿಗೆ 16. ನೋಡಕ್ಕೆ ಚೆನ್ನಾಗವ್ಳೆ, ಓಡಾಡ್ತಾಳೆ, ಬುದ್ಧಿ ಮಾತ್ರ ನಾಲ್ಕು ವರ್ಷದ್ದು. ಯಾರು ಕರೆದ್ರೂ ಹೋಗ್ತಾಳೆ. ನಾವಿಬ್ರೂ ಹೊಲಕ್ಕೆ ಹೋಗಬೇಕು. ಏನಾದ್ರೂ ಹೆಚ್ಚು ಕಡಿಮೆ ಆಗಿ ಬಸುರಿ ಗಿಸುರಿ ಆದ್ರೆ ಮಾನ ಹೋಯ್ತದೆ, ಆಪರೇಸನ್ ಮಾಡಿಸಿಬಿಡಿ ಅಂತ ನೆಂಟರು ಹೇಳ್ತಾರೆ. (ಮಂಡ್ಯ ಜಿಲ್ಲೆಯ ಒಬ್ಬ ತಂದೆ)

ಉತ್ತರ: ಯಜಮಾನ್ರೇ, ಕಟುವಾಗಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಆಪರೇಷನ್ ಮಾಡಿಸಿದರೆ ಬಸಿರು ನಿಲ್ಲುತ್ತದೆ, ಅತ್ಯಾಚಾರ ನಿಲ್ಲುವುದಿಲ್ಲ. ‘ಇವಳಿಗೆ ಆಪರೇಷನ್ ಆಗಿದೆ’ ಎಂಬುದು ಊರಲ್ಲಿ ಒಬ್ಬನಿಗೆ ಗೊತ್ತಾದರೂ ಅವನಿಗೆ ಭಯವೇ ಇಲ್ಲದಂತಾಗುತ್ತದೆ. ಮಾತಾಡಲು ಬಾರದ ಹುಡುಗಿಯರ ಮೇಲೆ ನಡೆದ ಅನಾಚಾರ ಎಷ್ಟೋ ಸಲ ಬೆಳಕಿಗೆ ಬರುವುದೇ ಮುಟ್ಟು ತಪ್ಪಿದಾಗ. ಆ ಸುಳಿವನ್ನೂ ನೀವೇ ಅಳಿಸಿ ಹಾಕಿದಂತಾಗುತ್ತದೆ. ಲೈಂಗಿಕ ರೋಗಗಳು ಗರ್ಭಕೋಶ ಇಲ್ಲದವಳಿಗೂ ಅಂಟುತ್ತವೆ.

ಮಾಡುವವರು ಬಹಳ ಸಲ ಪರಿಚಯದವರೇ, ಕೆಲವೊಮ್ಮೆ ಮನೆಯೊಳಗಿನವರೇ. ಹೊಲಕ್ಕೆ ಹೋದಾಗ ಅವಳು ಯಾರ ಹತ್ತಿರ ಇರುತ್ತಾಳೆ ಎಂಬುದಕ್ಕೆ ಮೊದಲು ಗಟ್ಟಿ ಏರ್ಪಾಡು ಮಾಡಿ. ಹಗಲು ಹೊತ್ತು ಕೂರಿಸಿಕೊಳ್ಳುವ ವಿಶೇಷ ಶಾಲೆ ತಾಲ್ಲೂಕಿನಲ್ಲಿ ಇದೆಯೇ ಎಂದು ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ಕೇಳಿ. ನಾಲ್ಕು ವರ್ಷದ ಬುದ್ಧಿಗೂ ಕಲಿಸಬಹುದಾದದ್ದಿದೆ: ಚಡ್ಡಿ ಒಳಗೆ ಯಾರೂ ಮುಟ್ಟಬಾರದು, ಮುಟ್ಟಿದರೆ ಕೂಗಬೇಕು, ಅವ್ವನಿಗೆ ಹೇಳಬೇಕು. ಅಂಗನವಾಡಿ ಮಕ್ಕಳಿಗೆ ಕಲಿಸುತ್ತೇವಲ್ಲ, ಹಾಗೇ ದಿನಾ ಹೇಳಿಸಿ. ಏನಾದರೂ ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಮಗುವಿನ ವೈಕಲ್ಯದ ಲಾಭ ಪಡೆದು ಮಾಡಿದ ಅತ್ಯಾಚಾರವನ್ನು 2012ರ ಪೋಕ್ಸೋ ಕಾಯ್ದೆ ಇನ್ನೂ ಘೋರ ಅಪರಾಧವೆಂದು ಎಣಿಸುತ್ತದೆ.

ಮಾನದ ಮಾತು ಎತ್ತಿದಿರಿ. 2009ರಲ್ಲಿ ಚಂಡೀಗಢದ ಸರ್ಕಾರಿ ಆಶ್ರಯಧಾಮದಲ್ಲಿ ಅತ್ಯಾಚಾರಕ್ಕೊಳಗಾಗಿ ಬಸಿರಾದ, ಬೌದ್ಧಿಕ ವೈಕಲ್ಯದ ಯುವತಿಯ ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಅವಳಿಗೆ ಮಗು ಬೇಕಿತ್ತು, ಅವಳ ಇಚ್ಛೆಯನ್ನೇ ಕೋರ್ಟು ಎತ್ತಿಹಿಡಿಯಿತು. ಮರ್ಯಾದೆ ಹೋಗಬೇಕಾದ್ದು ಅವಳದಾಗಿರಲಿಲ್ಲ.

ಪ್ರಶ್ನೆ: ಮಗಳಿಗೆ ಡೌನ್ ಸಿಂಡ್ರೋಮ್, ಈಗ ಹತ್ತು ವರ್ಷ. ಇನ್ನೂ ಆಗಿಲ್ಲ. ಆಗುವ ಮೊದಲೇ ಮಾತ್ರೆ ಶುರು ಮಾಡಿ ಮುಟ್ಟೇ ಬಾರದಂತೆ ಮಾಡಲಾಗದೇ? (ಬೆಂಗಳೂರು)

ಉತ್ತರ: ಮಾಡಬಾರದು. ಬೆಳವಣಿಗೆಗೆ ತೊಡಕಾದೀತು, ಮೇಲಾಗಿ ನೀವು ಹೆದರಿದಷ್ಟು ಕಷ್ಟ ಬರದೆಯೂ ಇರಬಹುದು. ಡೌನ್ ಸಿಂಡ್ರೋಮ್ ಇರುವ ಎಷ್ಟೋ ಹುಡುಗಿಯರು ಪ್ಯಾಡ್ ಬದಲಿಸುವುದನ್ನು ಅಚ್ಚುಕಟ್ಟಾಗಿ ಕಲಿಯುತ್ತಾರೆ, ಅಕ್ಕತಂಗಿಯರಿಗೇ ಪಾಠ ಹೇಳುವವರೂ ಇದ್ದಾರೆ. ಈಗಿನಿಂದಲೇ ತಿಂಗಳಿಗೆ ಒಂದೆರಡು ದಿನ ಪ್ಯಾಡ್ ಹಾಕಿಸಿ ಅಭ್ಯಾಸ ಮಾಡಿಸಿ. ಕುಂಕುಮದ ನೀರು ಚಿಮುಕಿಸಿ ತೋರಿಸಿ, ಆಮೇಲೆ ಬೆಚ್ಚುವುದಿಲ್ಲ. ಮನೆಯಲ್ಲೂ ಶಾಲೆಯಲ್ಲೂ ಅದಕ್ಕೆ ಒಂದೇ ಹೆಸರಿರಲಿ. ಒಬ್ಬರು ‘ರಜೆ’, ಒಬ್ಬರು ‘ಹೊರಗೆ’, ಒಬ್ಬರು ‘ಪೀರಿಯಡ್ಸ್’ ಎಂದರೆ ಅವಳಿಗೆ ಗೊಂದಲ. ವರ್ಷಕ್ಕೊಮ್ಮೆ ಥೈರಾಯ್ಡ್ ನೋಡಿಸಿ. ಗರ್ಭಕಂಠದ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯನ್ನೂ ಹಾಕಿಸಿ. 9ರಿಂದ 14ರೊಳಗೆ ಅದಕ್ಕೆ ಸರಿಯಾದ ಕಾಲ, ಅಂಗವೈಕಲ್ಯವಿದೆ ಎಂದು ಬಿಡುವ ಲಸಿಕೆ ಅದಲ್ಲ.

ಪ್ರಶ್ನೆ: ಮೊಮ್ಮಗಳು ಮೊನ್ನೆ ದೊಡ್ಡವಳಾದಳು. ಮಾತಿಲ್ಲ, ಕೂತಲ್ಲೇ ಕೂಸು. ಆರತಿ ಮಾಡೋಣ ಅಂದರೆ ಮಗ, ಸೊಸೆ ‘ಇವಳಿಗೆ ಎಂಥ ಆರತಿ’ ಎನ್ನುತ್ತಾರೆ. ನೀವೇನು ಹೇಳುತ್ತೀರಿ? (ಒಬ್ಬ ಅಜ್ಜಿ, ಹಾಸನ)

ಉತ್ತರ: ಧಾರಾಳವಾಗಿ ಮಾಡಿ, ಅಜ್ಜಿ. ಹೊಸ ಬಟ್ಟೆ ತೊಡಿಸಿ, ಹೂ ಮುಡಿಸಿ. ಚಿಗಳಿ ಕುಟ್ಟುವಾಗ ಅವಳಿಗೆ ನುಂಗುವುದು ಕಷ್ಟವಿದ್ದರೆ ನುಣ್ಣಗೆ ಮಾಡಿ, ಗಂಟಲಿಗೆ ಸಿಕ್ಕೀತು. ಊರೆಲ್ಲ ಕರೆಯಬೇಡಿ, ಜನಜಂಗುಳಿಯಲ್ಲಿ ಕೆಲವು ಮಕ್ಕಳು ಕಂಗಾಲಾಗುತ್ತಾರೆ. ಮೂರು ದಿನ ಮೂಲೆಯಲ್ಲಿ ಕೂರಿಸುವ ಪದ್ಧತಿಯೊಂದನ್ನು ಮಾತ್ರ ಕೈಬಿಡಿ: ಅಪ್ಪಿಕೊಂಡರಷ್ಟೇ ಸಮಾಧಾನಗೊಳ್ಳುವ ಮಗುವನ್ನು ಮುಟ್ಟದೆ ಇಟ್ಟರೆ ಅವಳಿಗೆ ಅದು ಏನೆಂದು ತಿಳಿಯಬೇಕು?

ಪ್ರಶ್ನೆ: ಅಕ್ಕನಿಗೆ 19. ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ ಎರಡೂ ಇವೆ. ಮುಟ್ಟಿನ ತೊಂದರೆಗೆ ಆ ಹಾರ್ಮೋನ್ ಸಾಧನ ಇಡಿಸೋಣ ಎಂದರೆ ಆಸ್ಪತ್ರೆಯವರು, ‘18 ದಾಟಿದೆ, ತಂದೆತಾಯಿ ಸಹಿ ನಡೆಯಲ್ಲ, ಗಾರ್ಡಿಯನ್ ಪತ್ರ ತನ್ನಿ’ ಎನ್ನುತ್ತಾರೆ. ಅಪ್ಪನಿಗೆ 70 ಆಯಿತು, ಮುಂದೆ ನಾನೇ ನೋಡಿಕೊಳ್ಳಬೇಕು. ಎಲ್ಲಿಗೆ ಹೋಗಲಿ? (ಶಿವಮೊಗ್ಗ)

ಉತ್ತರ: ಆಸ್ಪತ್ರೆಯವರು ಸುಮ್ಮನೆ ಅಲೆದಾಡಿಸುತ್ತಿಲ್ಲ. ಮಗಳು ಹದಿನೆಂಟು ದಾಟಿದ ದಿನ ತಂದೆತಾಯಿಯ ಸಹಜ ಪಾಲಕತ್ವ ಮುಗಿಯುತ್ತದೆ, ಇದು ಬಹಳ ಮನೆಗಳಿಗೆ ಆಸ್ಪತ್ರೆಯ ಬಾಗಿಲಲ್ಲಿ ನಿಂತಾಗಲೇ ತಿಳಿಯುವುದು. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ, ಬಹುವೈಕಲ್ಯ ಇರುವವರಿಗಾಗಿ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಇದೆ. ಅದರ ಪ್ರಕಾರ ಪ್ರತಿ ಜಿಲ್ಲೆಯಲ್ಲಿ ಜಿಲ್ಲಾಧಿಕಾರಿಗಳ ನೇತೃತ್ವದ ಸ್ಥಳೀಯ ಮಟ್ಟದ ಸಮಿತಿ ಪಾಲಕರನ್ನು ನೇಮಿಸುತ್ತದೆ. ತಂದೆತಾಯಿ ಅರ್ಜಿ ಹಾಕಬಹುದು, ಒಡಹುಟ್ಟಿದವರೂ ಹಾಕಬಹುದು. ಅಪ್ಪನ ವಯಸ್ಸು ನೋಡಿದರೆ ನಿಮ್ಮ ಹೆಸರಿನಲ್ಲೇ ಹಾಕುವುದು ಮೇಲು, ಮನೆಯಲ್ಲಿ ಕೂತು ಮಾತಾಡಿ ತೀರ್ಮಾನಿಸಿ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಇಲ್ಲದಿದ್ದರೆ ಮೊದಲು ಅದನ್ನು ಮಾಡಿಸಿ. ಅದೇ ಟ್ರಸ್ಟಿನ ‘ನಿರಾಮಯ’ ವಿಮೆಯಲ್ಲಿ ಒಂದು ಲಕ್ಷ ರೂಪಾಯಿವರೆಗೆ ಚಿಕಿತ್ಸಾ ವೆಚ್ಚ ಸಿಗುತ್ತದೆ, ಅದಕ್ಕೂ ಹೆಸರು ನೋಂದಾಯಿಸಿ.

ಪಾಲಕರಾದ ಮೇಲೆ ಆರು ತಿಂಗಳೊಳಗೆ ಅಕ್ಕನ ಆಸ್ತಿಪಾಸ್ತಿಯ ಪಟ್ಟಿ ಕೊಡಬೇಕು. ಆಸ್ತಿ ಏನೂ ಇಲ್ಲದಿದ್ದರೆ ಇಲ್ಲ ಎಂದೇ ಬರೆದುಕೊಡಿ. ಪಾಲಕತ್ವದ ಆದೇಶ ಕೈಗೆ ಬಂದರೂ ಅದು ಗರ್ಭಕೋಶ ತೆಗೆಸಲು ಸಿಕ್ಕ ಪರವಾನಗಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ, ಮೇಲೆ ಹೇಳಿದ 2016ರ ಕಾಯ್ದೆಯ 10ನೇ ಕಲಮು ಆಗಲೂ ಅಲ್ಲೇ ಇರುತ್ತದೆ. ನೀವು ಕೇಳುತ್ತಿರುವ ಸಾಧನ ತೆಗೆದುಬಿಡಬಹುದಾದದ್ದು, ಅದಕ್ಕೆ ಆ ತೊಡಕಿಲ್ಲ. ಆಸ್ಪತ್ರೆಗೆ ಹೋಗುವ ದಿನ ಅಕ್ಕನಿಗೆ ಎಲ್ಲಿಗೆ, ಯಾಕೆ ಎಂದು ಅವರಿಗೆ ತಿಳಿಯುವ ರೀತಿಯಲ್ಲಿ ಹೇಳಿಯೇ ಕರೆದುಕೊಂಡು ಹೋಗಿ. ಅರಿವಳಿಕೆ ಕೊಡುವವರಿಗೆ ಫಿಟ್ಸ್ ಇದೆಯೇ, ನುಂಗಲು ತೊಂದರೆ ಇದೆಯೇ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಕೊಡಿ.